ಉತ್ತರ ಬರುವ ತನಕ ನಿಲ್ಲುವ ಪಾಠ

ಹೊರಡುವ ಮೊದಲು

ಭಾನುವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ತಂಗಿ ವಿಜಯಾಳ ವಿಡಿಯೊ ಕಾಲ್ ಬಂತು. ಕೈಯೆಲ್ಲ ಜೋಳದ ಹಿಟ್ಟು. ಸೆರಗಿಗೆ ಒಂದು ಬೆರಳು ಒರೆಸಿಕೊಂಡು ಒತ್ತಿ, ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟೆ.

“ಅಕ್ಕಾ, ರೊಟ್ಟಿ ಬಡಿಯೂ ಸಪ್ಪಳ ಒಂದೀಟ ಕೇಳಸು. ಅನಘಾನ ಫೋನಿನ್ಯಾಗ ರೆಕಾರ್ಡ್ ಮಾಡ್ಕೋತೀನಿ. ಪಾಠಕ್ಕ ಬೇಕು.”

“ಸಪ್ಪಳ ತಗೊಂಡು ಏನ ಮಾಡ್ತಿ? ರೊಟ್ಟಿನ ಕಳಸ್ತೀನಿ, ತಿನ್ನು.”

“ನಾ ಇಲ್ಲಿ ಬಡದ್ರ ಕೆಳಗಿನ ಮನಿ ಆಂಟಿ ಬಂದು ಬೆಲ್ ಒತ್ತತಾಳ. ನೀ ಬಡಿ. ನಡಕ ಮಾತಾಡಬ್ಯಾಡ ಮತ್ತ.”

ಬಡಿದೆ. ನಡುವೆ ಮಾತಾಡಿದೆ. ಎರಡನೆಯ ರೊಟ್ಟಿಗೆ ಅವಳು ತುಟಿಯ ಮೇಲೆ ಬೆರಳಿಟ್ಟುಕೊಂಡು ನೋಡುತ್ತಿದ್ದಳು, ಗದ್ದಲ ಮಾಡುವ ಹುಡುಗರನ್ನು ನೋಡುವ ಹಾಗೆ. ಮೂರನೆಯದು ಸರಿಯಾಯಿತು. “ಸಾಕು, ಇಡ್ತೀನಿ. ಕುಕ್ಕರ್ ಕೂಗಾಕತ್ತೈತಿ” ಎಂದು ಇಟ್ಟುಬಿಟ್ಟಳು.

ಎರಡು ದಿನ ಬಿಟ್ಟು ಸದ್ದಿನ ಪಾಠ ಮುಗಿಯಿತು ಎಂದು ಮೆಸೇಜು ಹಾಕಿದಳು. ಆ ವಾರದ ಕೊನೆಗೆ ಜ್ವರ ಬಂತು. ಮಳೆಗಾಲದಲ್ಲಿ ಎಲ್ಲರಿಗೂ ಬರುವ ಜ್ವರ ಎಂದುಕೊಂಡರು. ಡೆಂಗಿ ಆಗಿತ್ತು. ನಾನು ಹೊರಟ ದಿನ ಘಾಟಿನಲ್ಲಿ ಮಣ್ಣು ಕುಸಿದು ರೈಲುಗಳು ನಿಂತವು. ಕೊನೆಯ ಮುಖ ನೋಡಲು ಆಗಲಿಲ್ಲ. ಅವಳ ಗಂಡ ಪ್ರಭಾಕರ ಮತ್ತು ಮಗಳು ಅನಘಾ ಊರಿಗೇ ಬಂದು ಉಳಿದ ಕಾರ್ಯ ಮುಗಿಸಿ ಹೋದರು.

ನಾನು ಗದಗಿನ ಹತ್ತಿರ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ವಿಜಯಾ ಮುಂಬೈ ಹತ್ತಿರದ ಡೊಂಬಿವಲಿಯ ಕನ್ನಡ ಸಂಘದ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಕನ್ನಡ ಕಲಿಸುತ್ತಿದ್ದಳು. ಕಲಿಸುವುದು ಒಂದೇ ಆದರೂ ಕೆಲಸ ಒಂದೇ ಅಲ್ಲ. ನನ್ನ ಮಕ್ಕಳಿಗೆ ಕನ್ನಡ ಮಾತಾಡಬೇಡಿ ಎಂದರೂ ಕೇಳುವುದಿಲ್ಲ. ಅವಳ ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಕೇಳಿದ್ದಕ್ಕೆ ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ. ಅದಕ್ಕೆಂದೇ ಅವಳು ಮನೆಯಲ್ಲಿ ಪಾಠಗಳನ್ನು ವಿಡಿಯೊ ಮಾಡುತ್ತಿದ್ದಳು. ಚಿತ್ರ, ಸದ್ದು, ಪ್ರಶ್ನೆ ಎಲ್ಲ ಇರುತ್ತಿದ್ದವು.

ದೀಪಾವಳಿ ಮುಗಿದ ಮೇಲೆ ಆ ಶಾಲೆಯ ಮುಖ್ಯೋಪಾಧ್ಯಾಯಿನಿ ಸುಮತಿ ಟೀಚರ್ ಫೋನು ಮಾಡಿದರು. ಅವರು ಉಡುಪಿ ಕಡೆಯವರು.

“ಬೋರ್ಡು ಬಂದಿದೆ ಮಾರಾಯ್ರೆ, ಗೋಡೆಯಷ್ಟು ದೊಡ್ಡದು. ಕೈಯಲ್ಲಿ ಮುಟ್ಟಿದ್ರೆ ಓಡ್ತದೆ. ವಿಜಯಾನ ಹೆಸರು ಇಡುದು ಅಂತ ಸಂಘದವರು ಹೇಳಿದ್ದಾರೆ. ನೀವೇ ಬಂದು ಶುರು ಮಾಡಿಕೊಡಬೇಕು. ಇನ್ನು ನಾಲ್ಕನೇ ಕ್ಲಾಸಿಗೆ ಬೋರ್ಡಿನಲ್ಲಿ ಅವಳೇ ಪಾಠ ಮಾಡುದು.”

ಆ ಮಾತು ಕೇಳಿ ನನಗೆ ಸಂತೋಷವಾಯಿತು. ಅವಳ ದನಿ ಒಂದು ಕೋಣೆಯಲ್ಲಾದರೂ ಉಳಿಯುತ್ತದಲ್ಲ ಎಂದುಕೊಂಡೆ. ರಜೆ ಬರೆದುಕೊಟ್ಟೆ. ನಮ್ಮ ಹೆಡ್‌ಮಾಸ್ತರರು “ಪರದೇಶಕ್ಕ ಹೊಂಟಂಗ ಹೊಂಟೀರಲ್ರೀ ಟೀಚರ” ಎಂದು ನಕ್ಕರು. ಅವರು ಹೇಳಿದ್ದು ಪೂರಾ ಸುಳ್ಳಲ್ಲ. ಪ್ರತಿ ಮೇ ತಿಂಗಳು ವಿಜಯಾಳೇ ಊರಿಗೆ ಬರುತ್ತಿದ್ದುದರಿಂದ ನಾನು ಸೊಲ್ಲಾಪುರ ದಾಟಿದವಳೇ ಅಲ್ಲ.

ಕಲ್ಯಾಣದಲ್ಲಿ ಹತ್ತಿ ಠಾಣೆಯಲ್ಲಿ ಇಳಿದದ್ದು

ಗದಗಿನ ರೈಲು ಬೆಳಗಿನ ಹೊತ್ತಿಗೆ ಕಲ್ಯಾಣದಲ್ಲಿ ಇಳಿಸಿತು. ಅಲ್ಲಿಂದ ಡೊಂಬಿವಲಿಗೆ ಲೋಕಲ್ ರೈಲಿನಲ್ಲಿ ಕೆಲವೇ ನಿಮಿಷ. ಪ್ರಭಾಕರ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಡೊಂಬಿವಲಿ ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲುವುದೆಂದು ಮಾತಾಗಿತ್ತು. ಇಷ್ಟು ದೂರ ಬಂದವಳಿಗೆ ಅಷ್ಟು ಕಷ್ಟವೇ ಎಂದು ಹೆಂಗಸರ ಡಬ್ಬಿ ಹತ್ತಿ ಕಿಟಕಿ ಪಕ್ಕ ಸೀಟು ಹಿಡಿದು ಕೂತೆ. ಸೀಟು ಸಿಕ್ಕದ್ದೇ ನನ್ನ ತಪ್ಪು.

ಡೊಂಬಿವಲಿ ಬಂತು. ಬೋರ್ಡು ಕಂಡಿತು. ಎದ್ದು ನಿಂತೆ. ಅಷ್ಟರಲ್ಲಿ ಬಾಗಿಲಿನಿಂದ ಹೆಂಗಸರು ಒಳಗೆ ನುಗ್ಗಿದರು. ನುಗ್ಗಿದರು ಎಂದರೆ ಯಾರ ಮೇಲೂ ಸಿಟ್ಟಿಲ್ಲದೆ, ನಲ್ಲಿ ನೀರು ಬಿಂದಿಗೆಗೆ ತುಂಬುವ ಹಾಗೆ ತುಂಬಿಕೊಂಡರು. ನನ್ನ ಚೀಲ ಒಂದು ಕಡೆ, ನಾನು ಇನ್ನೊಂದು ಕಡೆ. ಪ್ಲಾಟ್‌ಫಾರ್ಮಿನಲ್ಲಿ ಪ್ರಭಾಕರ ಕೈ ಎತ್ತಿದ್ದು ಕಂಡಿತು. ನಾನೂ ಕೈ ಎತ್ತಿದೆ. ರೈಲು ಹೊರಟಿತು.

“ಡೊಂಬಿವಲೀಲಾ ಉತರಾಯಚಂ ಹೋತಂ? ಮಗ ಕಲ್ಯಾಣಪಾಸೂನಚ ದಾರಾತ ಉಭಂ ರಾಹಾಯಚಂ ನಾ!” ಎಂದಳು ಪಕ್ಕದವಳು. ಡೊಂಬಿವಲಿಯಲ್ಲಿ ಇಳಿಯುವುದಿದ್ದರೆ ಕಲ್ಯಾಣದಿಂದಲೇ ಬಾಗಿಲಲ್ಲಿ ನಿಲ್ಲಬೇಕಂತೆ. ಬಯ್ದಳೋ ಮರುಗಿದಳೋ ತಿಳಿಯಲಿಲ್ಲ. ಆದರೆ ನನ್ನ ಚೀಲವನ್ನು ಕೈಯಿಂದ ಕೈಗೆ ದಾಟಿಸಿ ನನ್ನವರೆಗೆ ಮುಟ್ಟಿಸಿದ್ದು ಅವಳೇ.

ಆ ಫಾಸ್ಟ್ ಲೋಕಲ್ ಮುಂದೆ ನಿಲ್ಲುವುದು ಠಾಣೆಯಲ್ಲಿ. ಅಲ್ಲಿಯವರೆಗೆ ಮಾಡಲು ಬೇರೆ ಕೆಲಸವಿಲ್ಲದೆ ನೋಡುತ್ತಾ ಹೋದೆ. ಒಬ್ಬಳು ನಿಂತಲ್ಲೇ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಇನ್ನೊಬ್ಬಳು ಮೊಬೈಲಿನಲ್ಲಿ ಮಕ್ಕಳ ಮನೆಗೆಲಸ ತಿದ್ದುತ್ತಿದ್ದಳು. ಹೆಬ್ಬೆರಳಿನಿಂದಲೇ ಸರಿ, ತಪ್ಪು ಎಂದು ಗುರುತು ಹಾಕುತ್ತಾ, ಒಂದು ಕಡೆ ನಕ್ಕು, ಒಂದು ಕಡೆ “ಅರೇ ದೇವಾ” ಎಂದು ಹಣೆ ಒತ್ತಿಕೊಂಡಳು. ನನ್ನ ಊರಲ್ಲಾದರೆ ಟೀಚರು ಕೆಂಪು ಪೆನ್ನು ಮರೆತರೆ ತಿದ್ದುವುದು ನಾಳೆಗೆ. ಇಲ್ಲಿ ಶಾಲೆ ಮುಟ್ಟುವ ಮೊದಲೇ ಅರ್ಧ ಶಾಲೆ ಮುಗಿದಿರುತ್ತದೆ.

ಠಾಣೆಯಲ್ಲಿ ನಾನು ಇಳಿಯಲಿಲ್ಲ, ಇಳಿಸಲ್ಪಟ್ಟೆ. ಫೋನು ಬಡಿದುಕೊಳ್ಳುತ್ತಿತ್ತು, ಪ್ರಭಾಕರ.

“ಅಕ್ಕಾರ, ಎಲ್ಲಿ ಅದೀರಿ?”

“ಠಾಣೆದಾಗ.”

“ಪೊಲೀಸ್ ಠಾಣೆದಾಗೇನ್ರಿ?” ಎಂದು ಗಾಬರಿಯಿಂದ ಕೇಳಿ, ಅವನೇ ನಕ್ಕುಬಿಟ್ಟ. ವಿಜಯಾ ಹೋದ ಮೇಲೆ ಅವನು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಅಲ್ಲೇ ನಿಂದರ್ರಿ. ಅನಘಾನ ಕಳಸ್ತೀನಿ. ಮತ್ತ ಯಾವ ರೈಲೂ ಹತ್ತಬ್ಯಾಡ್ರಿ.”

ಡೊಂಬಿವಲಿ

ಅವರ ಮನೆ ಎಂಐಡಿಸಿಯ ಪಕ್ಕದ ವಸತಿ ಭಾಗದಲ್ಲಿ, ಎರಡನೆಯ ಮಹಡಿ. ಅಲ್ಲಿನವರು ಗಾಳಿಯ ವಾಸನೆ ನೋಡಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಹೇಳುತ್ತಾರೆ. “ಆಜ್ ಖಟ್ಟಾ ಹೈ” ಎಂದಳು ಅನಘಾ, ಕಿಟಕಿ ಮುಚ್ಚುತ್ತಾ. ಇವತ್ತು ಹುಳಿ ವಾಸನೆ. ನಮ್ಮಲ್ಲಿ ಮೋಡ ನೋಡಿ ಮಾತು ಶುರುಮಾಡುವಂತೆ ಅವರಿಗೆ ಅದು.

ಅನಘಾ ಕಾಲೇಜಿನ ಹುಡುಗಿ. ನನ್ನನ್ನು ಮೌಶಿ, ಎಂದರೆ ದೊಡ್ಡಮ್ಮ, ಎನ್ನುತ್ತಾಳೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಹೇಳುತ್ತಾಳೆ. ಇಬ್ಬರಿಗೂ ತಿಳಿಯುತ್ತದೆ.

ವಿಜಯಾ ಪಾಠ ರೆಕಾರ್ಡ್ ಮಾಡುತ್ತಿದ್ದ ಜಾಗ ತೋರಿಸು ಎಂದೆ. ನನ್ನ ಮನಸ್ಸಿನಲ್ಲಿ ಟಿವಿಯವರ ಸ್ಟುಡಿಯೊದಂಥದ್ದೇನೋ ಇತ್ತು. ಅನಘಾ ಮಲಗುವ ಕೋಣೆಗೆ ಕರೆದೊಯ್ದಳು. ಚಪ್ಪಲಿ ಇಡುವ ಸ್ಟ್ಯಾಂಡನ್ನು ನೆಟ್ಟಗೆ ನಿಲ್ಲಿಸಿ, ಅದರ ಮೇಲಿನ ತಂತಿಗೆ ಎರಡು ಬಟ್ಟೆ ಕ್ಲಿಪ್ಪಿನಿಂದ ಫೋನು ಸಿಕ್ಕಿಸುವುದು. ನೀರಿನ ಪಂಪಿನ ಸದ್ದು ಬರಬಾರದೆಂದು ಹಾಸಿಗೆಯನ್ನು ಎತ್ತಿ ಕಿಟಕಿಗೆ ಒರಗಿಸುವುದು. ಸೆಕೆಯಾದರೂ ಫ್ಯಾನು ಹಾಕುವಂತಿಲ್ಲ. ವಿಜಯಾ ಎದುರಿಗೆ ಸ್ಟೂಲಿನ ಮೇಲೆ. ಅನಘಾ ಫೋನಿನ ಹಿಂದೆ ನಿಂತಿರುವುದು.

“ನೀನು ಯಾಕ ನಿಂದರ್ತಿದ್ದಿ? ಫೋನು ಕ್ಲಿಪ್ಪಿಗೆ ಇತ್ತಲ್ಲ?” ಎಂದೆ.

“ಆಯಿ ಕೋ ಕೋಯಿ ಚಾಹಿಯೇ ಥಾ” ಎಂದಳು. ಅಮ್ಮನಿಗೆ ಎದುರಿಗೆ ಯಾರಾದರೂ ಬೇಕಿತ್ತು. ಅಷ್ಟು ಹೇಳಿ ಅಡುಗೆಮನೆಗೆ ಹೋದಳು.

ನಮ್ಮ ಶಾಲೆಯಲ್ಲೂ ಒಂದು ಸ್ಮಾರ್ಟ್ ಟಿವಿ ಇದೆ. ಯಾರೋ ದಾನ ಕೊಟ್ಟದ್ದು. ಧೂಳು ಕೂರಬಾರದೆಂದು ಅದಕ್ಕೆ ಹೂವಿನ ಬೆಡ್‌ಶೀಟ್ ಹೊದಿಸಿದ್ದೇವೆ. ರಿಮೋಟು ಹೆಡ್‌ಮಾಸ್ತರರ ಕಪಾಟಿನಲ್ಲಿ. ಸಾಹೇಬರು ತಪಾಸಣೆಗೆ ಬಂದಾಗ ಹೊದಿಕೆ ತೆಗೆಯುತ್ತೇವೆ. ಇಲ್ಲಿ ಚಪ್ಪಲಿ ಸ್ಟ್ಯಾಂಡು, ಎರಡು ಕ್ಲಿಪ್ಪು. ನಾನು ಆ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ.

ಶಾಲೆಯಲ್ಲಿ

ಸಮಾರಂಭ ಶನಿವಾರ. ಅದಕ್ಕೆ ಮೊದಲು ಒಂದು ಸಲ ಮಕ್ಕಳಿಗೆ ತೋರಿಸಿ ನೋಡೋಣ ಎಂದು ಸುಮತಿ ಟೀಚರ್ ಮರುದಿನವೇ ಕರೆದರು. ಎತ್ತರದ ಹೆಂಗಸು, ಮಾತು ಜೋರು, ನಡಿಗೆ ಇನ್ನೂ ಜೋರು. ನನ್ನ ಎರಡೂ ಕೈ ಹಿಡಿದುಕೊಂಡರು. ಆಮೇಲೆ “ಚಾ ಕುಡಿಯುವ, ಬನ್ನಿ” ಎಂದರು.

ನಾಲ್ಕನೆಯ ತರಗತಿಯ ಮಕ್ಕಳು ಬೆಂಚಿನ ತುದಿಗೆ ಬಂದು ಕೂತಿದ್ದರು. ಬೋರ್ಡು ಹೊತ್ತಿಕೊಂಡಿತು. ವಿಜಯಾ ಬಂದಳು. ಹಸಿರು ಕಾಟನ್ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ, ನನಗಿಂತಲೂ ದೊಡ್ಡದಾಗಿ ಗೋಡೆಯ ತುಂಬ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದದ್ದು ಒಳ್ಳೆಯದಾಯಿತು.

“ಮಕ್ಕಳೇ, ಇವತ್ತು ನಾವು ಕಣ್ಣು ಮುಚ್ಚಿಕೊಂಡು ಪಾಠ ಕಲಿಯೋಣ” ಎಂದಳು. ಮಕ್ಕಳೆಲ್ಲ ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ. ರೊಟ್ಟಿ ಬಡಿಯುವ ಸಪ್ಪಳ ಬಂತು. ನನ್ನದೇ ಕೈ. ಟಪ್ ಟಪ್ ಎಂದು, ರೊಟ್ಟಿ ತಿರುಗಿಸುವಾಗ ಒಂದು ಚೂರು ತಡೆದು, ಮತ್ತೆ ಟಪ್ ಟಪ್.

“ಇದು ಯಾವುದರ ಸದ್ದು, ಯಾರು ಹೇಳ್ತೀರಿ? ಹೌದು, ಇದು ರೊಟ್ಟಿ ಬಡಿಯುವ ಸದ್ದು. ಈಗ ಇನ್ನೊಂದು ಸದ್ದು ಕೇಳೋಣ.”

ಕಣ್ಣು ತೆರೆದೆ. ಮಕ್ಕಳು ಕೈ ಅರ್ಧ ಎತ್ತಿಕೊಂಡು ಹಾಗೇ ಇದ್ದರು. ಬೋರ್ಡು ಮುಂದೆ ಓಡಿತ್ತು. ಕುಕ್ಕರಿನ ಸೀಟಿ, ಅದರ ಉತ್ತರ. ಬಾಗಿಲಿನ ಚಿಲಕ, ಅದರ ಉತ್ತರ. ಕೇಳುವುದು, ತಾನೇ ಹೇಳುವುದು. ಉಸಿರು ಬಿಡಲೂ ಜಾಗವಿಲ್ಲ. ಬಸ್ಸು ತಪ್ಪಿಹೋಗುತ್ತದೆ ಎನ್ನುವವರ ಹಾಗೆ ಮಾತಾಡುತ್ತಿದ್ದಳು ನನ್ನ ತಂಗಿ. ಕೆಲವು ಮಕ್ಕಳು ಕೈ ಇಳಿಸಿದರು. ಎರಡು ಜಡೆಯ ಒಬ್ಬಳು ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿತು: “ಟೀಚರ್ ನೇ ಖುದ್ ಹೀ ಬತಾ ದಿಯಾ. ಪಹಲೇ ಐಸಾ ನಹೀ ಕರ್ತೀ ಥೀ.” ಟೀಚರು ತಾನೇ ಹೇಳಿಬಿಟ್ಟರು, ಮೊದಲು ಹೀಗೆ ಮಾಡುತ್ತಿರಲಿಲ್ಲ.

ಪಾಠ ಮುಗಿದ ಮೇಲೆ ಸುಮತಿ ಟೀಚರರನ್ನು ವರಾಂಡಕ್ಕೆ ಕರೆದೆ.

“ಇದು ಅಕಿ ಕಲಸೂ ರೀತಿ ಅಲ್ರಿ. ಪ್ರಶ್ನೆ ಕೇಳಿ ಉತ್ತರ ಬರೂತನಕ ಬಾಯಿ ಬಿಡಾಕಿ ಅಲ್ಲ ಅಕಿ. ತರಬೇತಿಯೊಳಗ ನಮ್ಮ ಮಾಸ್ತರು ಇಬ್ಬರಿಗೂ ಅದನ್ನ ಕಲಿಸಿದ್ರು.”

“ನಾಗೇಂದ್ರ ಅವರು ಎಡಿಟ್ ಮಾಡಿದ್ದು. ನೆರೂಳಿನಲ್ಲಿ ಇರುದು, ಕಂಪ್ಯೂಟರ್ ಕೆಲಸ, ಪಾಪ ಪುಕ್ಕಟೆ ಮಾಡಿಕೊಟ್ಟದ್ದು. ಮಧ್ಯೆ ಖಾಲಿ ಖಾಲಿ ಇತ್ತಂತೆ, ಅದನ್ನು ತೆಗೆದು ಚಂದ ಮಾಡಿದ್ದೇನೆ ಅಂದ್ರು. ನಾನು ಹೌದಾ ಅಂದೆ. ಒಂದು ಪೀರಿಯಡ್ಡಿನಲ್ಲಿ ಎರಡು ಪಾಠ ಆಗ್ತದಲ್ಲ ಅಂತ ಎಣಿಸಿದೆ.”

“ಈ ಪಾಠ ನಡಿಯೂವಾಗ ಕ್ಲಾಸಿನ್ಯಾಗ ಯಾರು ಇರತಾರ?”

“ಪ್ಯೂನ್ ಆನ್ ಮಾಡಿ ಹೋಗ್ತಾನೆ” ಎಂದರು ಸುಮತಿ ಟೀಚರ್. “ಸಂಘದವರು ಹಾಗೆ ಹೇಳಿದ್ದಾರೆ. ವಿಜಯಾನ ಜಾಗಕ್ಕೆ ಬೇರೆಯವರನ್ನು ಹುಡುಕುದು ಬೇಡ, ವಿಡಿಯೊ ಉಂಟಲ್ಲ ಅಂತ. ನಾನೇನು ಹೇಳುದು? ಹೇಳಿ ನೋಡಿದೆ.”

ಊರಲ್ಲಿ ಫೋನಿನಲ್ಲಿ ಕೇಳಿ ಸಂತೋಷಪಟ್ಟ ಮಾತಿನ ಅರ್ಥ ಅಲ್ಲಿ ನನಗೆ ತಿಳಿಯಿತು. ಬೋರ್ಡಿನಲ್ಲಿ ಅವಳೇ ಪಾಠ ಮಾಡುವುದು ಎಂದರೆ ಆ ಕೋಣೆಗೆ ಇನ್ನು ಯಾರೂ ಬರುವುದಿಲ್ಲ ಎಂದು. ಅವಳ ದನಿಯನ್ನೇ ಅವಳ ಮಕ್ಕಳಿಗೆ ಬಾಗಿಲು ಹಾಕಲು ಬಳಸುತ್ತಿದ್ದರು; ಬಾಗಿಲು ಹಾಕುವ ಬಟನ್ ಒತ್ತಲು ನನ್ನನ್ನು ಕರೆಸಿದ್ದರು.

“ಹಿಂಗಿದ್ರ ನಾ ಶನಿವಾರ ಬಟನ್ ಒತ್ತಂಗಿಲ್ರಿ” ಎಂದೆ.

“ಕಾರ್ಡು ಹಂಚಿ ಆಯ್ತಲ್ಲ ಮಾರಾಯ್ರೆ!”

“ಮೊದಲ ಅದನ್ನ ಸರಿ ಮಾಡೂಣು. ನಾಗೇಂದ್ರ ಅವರ ಮನಿ ಎಲ್ಲೈತಿ?”

ನೆರೂಳ

ಠಾಣೆಯಿಂದ ನೆರೂಳಿಗೆ ಬೇರೆ ರೈಲು. ಅನಘಾ ಜೊತೆಗಿದ್ದಳು, ಒಂದು ಸ್ಟೇಷನ್ ಮೊದಲೇ ನನ್ನನ್ನು ತೋಳು ಹಿಡಿದು ಬಾಗಿಲ ಬಳಿ ನಿಲ್ಲಿಸಿದಳು. ಅಲ್ಲಿ ಜನವೇ ಇರಲಿಲ್ಲ. ಆದರೂ ನಿಂತೆ. ದಾರಿಯಲ್ಲಿ ಮಹಾಪೆಯ ಕಡೆ ಕೈ ತೋರಿಸಿ, ನಾಗೇಂದ್ರ ಅಂಕಲ್ ಆಫೀಸು ಅಲ್ಲೇ, ಇವತ್ತು ಮನೆಯಿಂದಲೇ ಕೆಲಸ ಎಂದಳು.

ನೆರೂಳಿನಲ್ಲಿ ಎಲ್ಲ ಅಳೆದು ಕತ್ತರಿಸಿದ ಹಾಗಿದೆ. ನಮ್ಮಲ್ಲಿ ಮನೆ ಹುಡುಕಬೇಕಾದರೆ ಮನುಷ್ಯರ ಹೆಸರು ಹೇಳಬೇಕು, ಅವರ ಅಪ್ಪನ ಹೆಸರು ಹೇಳಿದರೆ ಇನ್ನೂ ಬೇಗ ಸಿಗುತ್ತದೆ. ಇಲ್ಲಿ ಹೆಸರು ಹೇಳಿದರೆ ಯಾರಿಗೂ ಗೊತ್ತಿಲ್ಲ; ಸೆಕ್ಟರಿನ ಅಂಕಿ ಹೇಳಿದರೆ ರಿಕ್ಷಾದವನು ಮೀಟರು ಹಾಕುತ್ತಾನೆ.

ನಾಗೇಂದ್ರ ಮೈಸೂರಿನವರು. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ, ಮಾತು ಮೆತ್ತಗೆ. ವಾರದ ಕೊನೆಯಲ್ಲಿ ತಮ್ಮ ಕಟ್ಟಡದ ಮಕ್ಕಳಿಗೆ ಕನ್ನಡ ಕಲಿಸುತ್ತಾರಂತೆ. ವಿಜಯಾಳ ಪರಿಚಯವಾದದ್ದು ಹಾಗೆ. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು.

“ಮೇಡಂ, ಬೇಕು ಅಂತ ಮಾಡಿದ್ದಲ್ಲ. ಮೊದಲ ಒಂದೆರಡು ಪಾಠ ನಮ್ಮ ಮನೆ ಟಿವೀಲಿ ಹಾಗೇ ಹಾಕಿದ್ದೆ. ವಿಜಯಾ ಮೇಡಂ ಸುಮ್ಮನಾದ ತಕ್ಷಣ ಮಕ್ಕಳು ‘ಅಂಕಲ್, ನೆಟ್ ಗಯಾ’, ನೆಟ್ ಹೋಯ್ತು ಅನ್ನೋವು. ರಿಮೋಟ್ ಕಿತ್ಕೊಂಡು ಮುಂದಕ್ಕೆ ಓಡ್ಸೋವು. ಅವರು ಹೋದ್ಮೇಲೆ, ನೀಟಾಗಿ ಮಾಡಿಕೊಡೋಣ ಅನ್ನಿಸ್ತು. ಸೈಲೆನ್ಸ್ ಇರೋ ಜಾಗಾನೆಲ್ಲ ಹುಡುಕಿ ತೆಗೆಯೋ ಸಾಫ್ಟ್‌ವೇರ್ ಇದೆ. ನಾನು ಅವರಿಗೆ ಮಾಡೋ ಕೊನೇ ಕೆಲಸ ಅಂತ ರಾತ್ರಿಯೆಲ್ಲ ಕೂತು ಮಾಡ್ದೆ.”

“ಹಳೇವು ಅದಾವೇನ್ರಿ?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇಲ್ಲ ಮೇಡಂ. ಅವರ ಫೋನ್ ತುಂಬಿಹೋಗ್ತಿತ್ತು, ನನಗೆ ಕಳಿಸಿ ಡಿಲೀಟ್ ಮಾಡ್ತಿದ್ರು. ನಾನು ಎಡಿಟ್ ಆದದ್ದಷ್ಟೇ ಇಟ್ಕೊಂಡೆ. ಸಾರಿ ಮೇಡಂ.”

ಅವರ ಮೇಲೆ ಸಿಟ್ಟು ಬರಲಿಲ್ಲ. ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ, ಬರಲಿಲ್ಲ. ಸತ್ತವರಿಗಾಗಿ ನಾವೆಲ್ಲ ಏನಾದರೂ ಮಾಡಬೇಕೆಂದುಕೊಳ್ಳುತ್ತೇವೆ. ಅವರು ತಮಗೆ ಗೊತ್ತಿದ್ದದ್ದನ್ನು ಮಾಡಿದ್ದರು. ಕಾಫಿ ಕುಡಿದೆವು.

“ಗ್ಯಾಪ್ ವಾಪಸ್ ಹಾಕಬಹುದು” ಎಂದರು ಆಮೇಲೆ. “ಪ್ರಶ್ನೆ ಆದ್ಮೇಲೆ ಚಿತ್ರ ನಿಲ್ಲೋ ಹಾಗೆ ಮಾಡ್ತೀನಿ. ಎಷ್ಟು ಹೊತ್ತು ಇಡ್ಲಿ? ಐದು ಸೆಕೆಂಡ್? ಹತ್ತು?”

“ಹೊತ್ತು ಇಡಬ್ಯಾಡ್ರಿ.”

“ಅಂದ್ರೆ?”

“ಹುಡುಗರು ಉತ್ತರ ಹೇಳೂತನಕ ನಿಲ್ಲಲಿ.”

“ಮೇಡಂ, ಹುಡುಗರು ಹೇಳಿದ್ರು ಅಂತ ಬೋರ್ಡಿಗೆ ಹೇಗೆ ಗೊತ್ತಾಗುತ್ತೆ?”

“ಬೋರ್ಡಿಗೆ ಗೊತ್ತಾಗಂಗಿಲ್ಲ. ಟೀಚರಿಗೆ ಗೊತ್ತಾಗ್ತೈತಿ. ಟೀಚರು ಮುಟ್ಟಿದ ಮ್ಯಾಲೆ ಮುಂದ ಹೋಗಲಿ. ಮುಟ್ಟದಿದ್ರ ಅಲ್ಲೇ ನಿಂದರಲಿ.”

ಅವರು ನನ್ನ ಮುಖ ನೋಡಿದರು. ಯಾಕೆ ಹಾಗೆ ಹೇಳುತ್ತಿದ್ದೇನೆ ಎಂದು ಅವರಿಗೆ ತಿಳಿಯಿತು. ಸ್ವಲ್ಪ ನಕ್ಕು, “ಅಷ್ಟೇ ಅಲ್ವಾ, ಮಾಡೋಣ” ಎಂದು ಕಂಪ್ಯೂಟರು ಎಳೆದುಕೊಂಡರು.

ಆ ದಿನವೂ ಮರುದಿನವೂ ಅದೇ ಕೆಲಸ. ಒಂದೊಂದೇ ಪಾಠ ಹಾಕಿ, ಪ್ರಶ್ನೆ ಬಂದಲ್ಲಿ ನಾನು “ಹಾಂ, ಇಲ್ಲಿ” ಎನ್ನುವುದು. ತಂಗಿಯ ದನಿಯನ್ನು ಕೇಳಲಾರೆ ಎಂದುಕೊಂಡು ಹೋದವಳು, ಮಧ್ಯಾಹ್ನದ ಹೊತ್ತಿಗೆ “ಇನ್ನೊಮ್ಮೆ ಹಾಕ್ರಿ, ಹಿಂದಕ್ಕ ಹೋಗ್ರಿ” ಎನ್ನುತ್ತಿದ್ದೆ. ಆದರೂ ಹಲವು ಕಡೆ ನನಗೆ ಗೊತ್ತಾಗಲಿಲ್ಲ. ಕೆಲವು ಕಡೆ ಅವಳು ಪ್ರಶ್ನೆಯನ್ನೇ ಕೇಳದೆ ಸುಮ್ಮನಾಗಿದ್ದಳಂತೆ. ಅದನ್ನು ಹೇಳಿದವಳು ಅನಘಾ. ಮೊದಲು ಮೂಲೆಯ ಸೋಫಾದಲ್ಲಿ ಫೋನು ನೋಡುತ್ತಾ ಕೂತಿದ್ದಳು. ಆಮೇಲೆ ಕುರ್ಚಿ ಎಳೆದುಕೊಂಡು ನಮ್ಮಿಬ್ಬರ ಮಧ್ಯೆ ಬಂದಳು.

“ಯಹಾ ಭೀ ರುಕೀ ಥೀ” ಎಂದಳು. ಇಲ್ಲೂ ನಿಂತಿದ್ದಳು.

“ನಿನಗ ಹೆಂಗ ನೆನಪೈತಿ?”

ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. ಫೋನಿನ ಹಿಂದೆ ನಿಂತಿದ್ದಾಗ ಅಮ್ಮ ಅವಳನ್ನೇ ನೋಡಿ ಪ್ರಶ್ನೆ ಕೇಳುತ್ತಿದ್ದಳು. ಅವಳು ಬಾಯಿ ಬಿಡುವಂತಿಲ್ಲ, ರೆಕಾರ್ಡ್ ಆಗಿಬಿಡುತ್ತದೆ. ಮನಸ್ಸಿನಲ್ಲೇ ಕನ್ನಡದಲ್ಲಿ ಉತ್ತರ ಹೇಳಿಕೊಂಡು ತಲೆ ಆಡಿಸಬೇಕು. ತಲೆ ಆಡಿಸಿದ ಮೇಲೆಯೇ ಅಮ್ಮ ಮುಂದೆ ಹೋಗುತ್ತಿದ್ದದ್ದು. ಒಮ್ಮೊಮ್ಮೆ ಕಾಡಿಸಲೆಂದು ಅನಘಾ ಬೇಕಂತಲೇ ತಲೆ ಆಡಿಸುತ್ತಿರಲಿಲ್ಲ. ಅಮ್ಮ ಕಾಯುತ್ತಲೇ ಇರುತ್ತಿದ್ದಳು. ಒಂದು ಸಲ ಇಬ್ಬರಿಗೂ ನಗು ಬಂದು ಇಡೀ ಪಾಠ ಮತ್ತೆ ಮಾಡಬೇಕಾಯಿತು.

ನಾಗೇಂದ್ರ ಎದ್ದುಹೋಗಿ ನೀರು ತಂದುಕೊಟ್ಟರು.

ಇನ್ನೊಂದು ತೊಡಕು ಬಂತು. ಚಿತ್ರ ನಿಲ್ಲಿಸಿದಾಗ ಮುಖ ಎಲ್ಲೆಲ್ಲೋ ನಿಲ್ಲುತ್ತದೆ: ಬಾಯಿ ಸೊಟ್ಟ, ರೆಪ್ಪೆ ಅರ್ಧ ಮುಚ್ಚಿ. ಮಕ್ಕಳ ಮುಂದೆ ಅವಳನ್ನು ಹಾಗೆ ನಿಲ್ಲಿಸಲು ನಮಗೆ ಯಾರಿಗೂ ಮನಸ್ಸಾಗಲಿಲ್ಲ. ಅನಘಾ ಒಂದೊಂದೇ ಚಿತ್ರ ಹಿಂದೆ ಮುಂದೆ ಸರಿಸಿ ನೋಡಿದಳು. “ಯೇ ನಹೀ, ಆಂಖ್ ಬಂದ್ ಹೈ.” ಇದಲ್ಲ, ಕಣ್ಣು ಮುಚ್ಚಿದೆ. “ಯೇ ನಹೀ.” “ಯೇ.” ಎಲ್ಲ ಪಾಠಗಳಲ್ಲೂ ಅವಳೇ ಆರಿಸಿದಳು. ಎರಡನೆಯ ದಿನ ಸಂಜೆ ಕೆಲಸ ಮುಗಿದಾಗ, “ಮೌಶಿ, ಆಯ್ತು” ಎಂದಳು. ಕನ್ನಡದಲ್ಲಿ ಹೇಳಿದ್ದು ಅವಳಿಗೇ ಗೊತ್ತಾಗಲಿಲ್ಲ. ನಾನು ತೋರಿಸಿಕೊಡಲಿಲ್ಲ.

ಶನಿವಾರ

ವಿಜಯಾಳ ಫೋಟೊಗೆ ಮಲ್ಲಿಗೆ ಹಾರ. ಬೋರ್ಡಿಗೂ ಒಂದು ಹಾರ ಹಾಕಿದ್ದರು. ಅದರಿಂದ ಮುಟ್ಟುವ ಮೂಲೆಯೇ ಮುಚ್ಚಿಹೋಗಿ ಸುಮತಿ ಟೀಚರ್ ಬಯ್ಯುತ್ತಾ ತೆಗೆಸಿದರು. ಸಂಘದ ಕಾರ್ಯದರ್ಶಿ ಶೆಟ್ಟರು ಹೋಟೆಲಿನವರು. ವಿಜಯಾಳ ಬಗ್ಗೆ ಎರಡು ಮಾತು ಹೇಳಿ ಕಣ್ಣೊರೆಸಿಕೊಳ್ಳುತ್ತಾ ಕೂತರು. ಅವರ ದುಃಖ ನಿಜವಾಗಿತ್ತು.

ನಾನು ಮುಟ್ಟಿದೆ. ಪಾಠ ಶುರುವಾಯಿತು. ಸಪ್ಪಳ ಬಂತು. “ಇದು ಯಾವುದರ ಸದ್ದು, ಯಾರು ಹೇಳ್ತೀರಿ?” ಎಂದು ಕೇಳಿ ವಿಜಯಾ ನಿಂತಳು. ಕಣ್ಣು ತೆರೆದು, ಎದುರಿಗೆ ನೋಡುತ್ತಾ.

ಮುಂದಿನ ಸಾಲಿನ ಅತಿಥಿಗಳು ಒಬ್ಬರನ್ನೊಬ್ಬರು ನೋಡಿಕೊಂಡರು.

“ಹ್ಯಾಂಗ್ ಆಯ್ತಾ ಎಂತ?” ಎಂದರು ಶೆಟ್ಟರು ಮೆಲ್ಲಗೆ. ಬೋರ್ಡು ಕೂರಿಸಿದ್ದವನು ಸ್ಕ್ರೂಡ್ರೈವರ್ ಹಿಡಿದು ಎದ್ದೇಬಿಟ್ಟ. ಸುಮತಿ ಟೀಚರ್ ಕಣ್ಣಲ್ಲೇ ಅವನನ್ನು ಕೂರಿಸಿದರು.

“ತಬಲಾ!” ಎಂದಿತು, ಆ ಪಾಠ ಮೊದಲು ಕೇಳಿರದ ಮೂರನೆಯ ತರಗತಿಯ ಒಂದು ದನಿ.

“ನಹೀ ರೇ, ಕಪಡೇ ಧೋ ರಹೇ ಹೈ.” ಬಟ್ಟೆ ಒಗೆಯುತ್ತಿದ್ದಾರೆ ಎಂದು ಅವನ ಪಕ್ಕದವನು.

“ಭಾಕರಿ! ಭಾಕರ್‍ಯಾ ಥಾಪತಾತ!” ಎಂದು ಎರಡು ಜಡೆಯವಳು ಬೆಂಚಿನ ಮೇಲೇ ಹತ್ತಿದಳು.

“ಸರಿ. ಭಾಕರಿಗೆ ಕನ್ನಡದಲ್ಲಿ ಎಂತ ಹೇಳುದು?” ಎಂದರು ಸುಮತಿ ಟೀಚರ್.

“ರೊಟ್ಟಿ!”

“ರೊಟ್ಟಿಯನ್ನು ಎಂತ ಮಾಡ್ತಿದ್ದಾರೆ?”

ಇದಕ್ಕೆ ಹೊತ್ತು ಹಿಡಿಯಿತು. ಮಾರ್ ರಹೇ ಹೈ ಎಂದ ಒಬ್ಬ, ಹೊಡೆಯುತ್ತಿದ್ದಾರೆ ಎಂದು. ಎಲ್ಲರೂ ನಕ್ಕರು, ಶೆಟ್ಟರೂ ನಕ್ಕರು. ಕೊನೆಗೆ ಯಾವುದೋ ಮೂಲೆಯಿಂದ “ಬಡೀತಾರೆ” ಬಂತು. ಸುಮತಿ ಟೀಚರ್ ಬೋರ್ಡು ಮುಟ್ಟಿದರು. “ಹೌದು, ಇದು ರೊಟ್ಟಿ ಬಡಿಯುವ ಸದ್ದು” ಎಂದಳು ವಿಜಯಾ. ಮಕ್ಕಳು ಚಪ್ಪಾಳೆ ತಟ್ಟಿದರು, ತಮಗೇ.

ಉಪ್ಪಿಟ್ಟು ತಿನ್ನುವಾಗ ಶೆಟ್ಟರು ತಟ್ಟೆ ಹಿಡಿದು ನನ್ನ ಪಕ್ಕ ಬಂದು ಕೂತರು.

“ಅಕ್ಕ, ಚಂದ ಆಯ್ತು. ಆದ್ರೆ ಒಂದು ವಿಷಯ. ಇದು ಪ್ರತಿ ಪ್ರಶ್ನೆಗೂ ನಿಲ್ತದೆ ಅಲ್ವಾ? ಅಂದ್ರೆ ಇದಕ್ಕೆ ಒಬ್ಬರು ಬೇಕೇ ಬೇಕು.”

“ಬೇಕ್ರಿ.”

“ಪ್ಯೂನ್ ಒತ್ತಿದ್ರೆ ಆಗುದಿಲ್ವಾ?”

“ಭಾಕರಿಗೆ ಕನ್ನಡದಾಗ ಏನಂತಾರ ಅಂತ ಕೇಳೂದು ಅಂವಗ ಬಂದ್ರ ಆಗ್ತೈತ್ರಿ.”

ಶೆಟ್ಟರು ಚಮಚ ಕೆಳಗಿಟ್ಟರು. “ನಾನು ಬೇಡ ಅಂತ ಹೇಳುದಲ್ಲ ಅಕ್ಕ. ಕನ್ನಡ ಕಲಿತ ಟೀಚರ್ ಇಲ್ಲಿ ಸಿಗುದೇ ಇಲ್ಲ. ಊರಿನಿಂದ ಕರೆಸುವಾ ಅಂದ್ರೆ ಯಾರು ಬರ್ತಾರೆ? ಲೋಕಲ್ ಟ್ರೇನ್ ನೋಡಿಯೇ ಅರ್ಧ ಜನ ವಾಪಸ್ ಹೋಗ್ತಾರೆ.”

ಆ ಮಾತನ್ನು ನಾನು ಅಲ್ಲಗಳೆಯುವಂತಿರಲಿಲ್ಲ.

“ನಮ್ಮ ಜಿಲ್ಲಾದಾಗ ತರಬೇತಿ ಮುಗಿಸಿ ಮನ್ಯಾಗ ಕುಂತ ಹುಡುಗ್ಯಾರು ಅದಾರ್ರಿ. ನಾ ಹುಡಕ್ತೀನಿ. ನೀವು ಜಾಗ ತಗೀಬ್ಯಾಡ್ರಿ. ಅಷ್ಟ ಮಾಡ್ರಿ.”

ಅವರು ಸುಮತಿ ಟೀಚರರ ಕಡೆ ನೋಡಿದರು. ಟೀಚರು ಬೇರೆ ಕಡೆ ನೋಡುತ್ತಿದ್ದರು, ಆದರೆ ಕಿವಿ ಇತ್ತ ಇತ್ತು. “ಆಯ್ತು, ಜಾಗ ತೆಗೆಯುದಿಲ್ಲ. ಈ ವರ್ಷ ಪೂರ್ತಿ ಕಾಯುವ” ಎಂದರು ಶೆಟ್ಟರು. ಮುಂದಿನ ವರ್ಷದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮತ್ತೆ ಕಲ್ಯಾಣ, ಆಮೇಲೆ ಊರು

ಕಲ್ಯಾಣ ಸ್ಟೇಷನ್ನಿನ ತನಕ ಪ್ರಭಾಕರ, ಅನಘಾ ಇಬ್ಬರೂ ಬಂದರು. ರೈಲು ತಡ. ಮೂವರೂ ಚೀಲದ ಮೇಲೆ ಕೂತು ವಡಾಪಾವ್ ತಿಂದೆವು. “ಬ್ಯಾಸಗ್ಯಾಗ ಇಬ್ಬರೂ ಊರಿಗೆ ಬರ್ರಿ” ಎಂದೆ. ಪ್ರಭಾಕರ ತಲೆಯಾಡಿಸಿದ.

ಊರಿಗೆ ಬಂದ ಮೇಲೆ ನಮ್ಮ ಟಿವಿಯ ಬೆಡ್‌ಶೀಟ್ ತೆಗೆದು ಒಗೆಯಲು ಹಾಕಿದೆ. ಹೆಡ್‌ಮಾಸ್ತರರಿಂದ ರಿಮೋಟು ಪಡೆಯಲು ಮೂರು ಸಲ ಕೇಳಬೇಕಾಯಿತು. “ಕೆಟ್ಟರ ಯಾರು ಜವಾಬ್ದಾರಿ?” ಎಂದರು. ನಾನು ಎಂದೆ. ಮೊದಲ ದಿನ ಚಿತ್ರ ಬಂತು, ದನಿ ಬರಲಿಲ್ಲ; ಮಕ್ಕಳೇ ದನಿ ಹಾಕಿದರು. ಈಗ ಎರಡೂ ಬರುತ್ತವೆ. ನಾನು ಪಕ್ಕದಲ್ಲೇ ನಿಂತಿರುತ್ತೇನೆ.

ಹುಡುಕುವ ಕೆಲಸ ಬಿಟ್ಟಿಲ್ಲ. ರೋಣದ ಹುಡುಗಿಯೊಬ್ಬಳು ಒಪ್ಪಿದಳು; ಅವರ ಮನೆಯಲ್ಲಿ ಒಪ್ಪಲಿಲ್ಲ. ಮುಂಡರಗಿಯ ಇನ್ನೊಬ್ಬಳಿಗೆ ಮದುವೆ ಗೊತ್ತಾಯಿತು. ಲಕ್ಷ್ಮೇಶ್ವರದವಳೊಬ್ಬಳು ಯೋಚನೆ ಮಾಡಿ ಹೇಳುತ್ತೇನೆ ಎಂದಿದ್ದಾಳೆ. ಅವಳ ಮನೆಗೆ ಎರಡು ಸಲ ಹೋಗಿ ಬಂದೆ, ಮುಂದಿನ ವಾರ ಮತ್ತೆ ಹೋಗುತ್ತೇನೆ. ಲೋಕಲ್ ರೈಲಿನಲ್ಲಿ ಎಲ್ಲಿ ನಿಲ್ಲಬೇಕು ಎಂಬುದನ್ನೂ ಹೇಳಿಕೊಟ್ಟಿದ್ದೇನೆ.

ಸುಮತಿ ಟೀಚರ್ ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ತಮ್ಮ ಬಿಡುವಿನ ಪೀರಿಯಡ್ಡಿನಲ್ಲಿ ಅವರೇ ಹೋಗಿ ಬೋರ್ಡು ಮುಟ್ಟುತ್ತಾರೆ. ಆಫೀಸಿನ ಕೆಲಸ ಬಂದ ದಿನ ಪಾಠ ಇರುವುದಿಲ್ಲ; ಮಕ್ಕಳು ಚಿತ್ರ ಬಿಡಿಸುತ್ತಾರೆ. ಹಾಗೆ ಪಾಠ ಇಲ್ಲದ ದಿನಗಳು ಈಚೆಗೆ ಹೆಚ್ಚಾಗಿವೆ ಎಂದು ಅವರೇ ಹೇಳಿದರು.

ನಾಲ್ಕನೆಯ ತರಗತಿಗೆ ಕನ್ನಡ ಟೀಚರ್ ಇನ್ನೂ ಇಲ್ಲ.